ದನಿ ಹೋದ ಮೇಲಿನ ಡಿಕ್ಟೇಷನ್

ಮಧುರೆಯ ಆಸ್ಪತ್ರೆಯಲ್ಲಿ ರಂಗಮ್ಮಾಳ ಕುತ್ತಿಗೆಯ ಗಡ್ಡೆ ತೆಗೆಯುವ ಮೊದಲೇ ಡಾಕ್ಟರು ಹೇಳಿದ್ದರು: ದನಿಯ ನರ ಗಡ್ಡೆಯೊಳಗೆ ಸಿಕ್ಕಿಕೊಂಡಿದೆ, ಉಳಿಸಲು ನೋಡುತ್ತೇನೆ, ಭರವಸೆ ಕೊಡಲಾರೆ. ಗಡ್ಡೆ ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಉಳಿದದ್ದು ಉಸಿರು ಬೆರೆತ ಒಂದು ಪಿಸುಮಾತು. ಮಗ್ಗುಲಲ್ಲಿ ಕೂತವರಿಗೆ ಕೇಳುತ್ತಿತ್ತು. ಮೇಜಿನ ಆಚೆ ಬದಿಗೆ ಕೂತವರಿಗೆ ಇಲ್ಲ.

ಬೇರೆ ಯಾರಿಗಾದರೂ ಇದು ಸಹಿಸಬಹುದಾದ ನಷ್ಟ. ರಂಗಮ್ಮಾಳ್ ಶಾರ್ಟ್‌ಹ್ಯಾಂಡ್ ಟೀಚರು.

ತಮಿಳುನಾಡಿನ ಕಂಬಂ ಊರಿನ ಪೇಟೆ ಬೀದಿಯಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವಳ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ದ್ರಾಕ್ಷಿ ಪೆಟ್ಟಿಗೆ ಹೇರಿದ ಲಾರಿಗಳು, ಪಕ್ಕದ ಕಟ್ಟಡದಲ್ಲಿ ಮದುವೆಗಳಿಗೆ ಹಾರನ್ ಸ್ಪೀಕರು ಬಾಡಿಗೆ ಕೊಡುವ ಸೌಂಡ್ ಸರ್ವೀಸ್, ಹಾಲಿನ ಒಳಗೆ ಒಂದೇ ಸಮನೆ ಕುಟ್ಟುವ ಟೈಪ್‌ರೈಟರುಗಳು. ಈ ಎಲ್ಲ ಗದ್ದಲದ ಮೇಲೆ ಅವಳ ದನಿ ಇಪ್ಪತ್ತೈದು ವರ್ಷ ಸವಾರಿ ಮಾಡಿತ್ತು. ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈಯಲ್ಲಿ ಹತ್ತು ಪದಕ್ಕೊಂದು ಪೆನ್ಸಿಲ್ ಗೆರೆ ಎಳೆದ ಪುಸ್ತಕ. ನಿಮಿಷಕ್ಕೆ ನೂರಿಪ್ಪತ್ತು ಪದ ಎಂದರೆ ನೂರಿಪ್ಪತ್ತು. ಒಂದು ಪದ ಅತ್ತಿತ್ತ ಆಗುತ್ತಿರಲಿಲ್ಲ. ಬರೆಯುವ ಹುಡುಗಿಯರು ಉಸಿರು ಬಿಗಿಹಿಡಿದು ಹಿಂದೆ ಓಡಬೇಕು. ಅಳುವವರು ಅತ್ತುಕೊಂಡೇ ಬರೆಯಬೇಕು. ಹೀಗೆ ಬರೆದವರು ಕೋರ್ಟು ಕಚೇರಿಗಳಲ್ಲೂ ಬೋಡಿಯ ಏಲಕ್ಕಿ ವ್ಯಾಪಾರಿಗಳ ಆಫೀಸುಗಳಲ್ಲೂ ಕುರ್ಚಿ ಹಿಡಿದಿದ್ದರು. ದ್ರಾಕ್ಷಿ, ಭತ್ತ, ತೆಂಗು ಬಿಟ್ಟು ಬೇರೆ ಕಂಡಿರದ ಕನ್ನಡದ ಮನೆತನದಲ್ಲಿ ಮಧುರೆಗೆ ಹೋಗಿ ಬಿ.ಎ. ಓದಿದ ಮೊದಲ ಹೆಣ್ಣು ಅವಳು. ಮದುವೆಯ ಮಾತು ಬಂದಾಗೆಲ್ಲ ಮುಂದಿನ ಪರೀಕ್ಷೆ ಮುಗಿಯಲಿ ಎನ್ನುತ್ತ ಬಂದಳು. ಸರ್ಕಾರದ ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ, ಮುಗಿಯುವುದೇ ಇಲ್ಲ.

ತೊಂಬತ್ತೊಂಬತ್ತರ ಬೇಸಗೆಯಲ್ಲಿ ಅವಳು ಆಸ್ಪತ್ರೆಯಿಂದ ಬಂದಾಗ ತಮ್ಮ ಆಂಡಿ ಎಳನೀರು ಹಿಡಿದು ಬಂದ. ಸುರುಳಿಪಟ್ಟಿ ಕಡೆ ಅವನ ದ್ರಾಕ್ಷಿ ತೋಟ. ಇನ್‌ಸ್ಟಿಟ್ಯೂಟಿನ ಕಟ್ಟಡ ಅಪ್ಪ ಕಟ್ಟಿಸಿದ್ದು, ಅದರಲ್ಲಿ ಇಬ್ಬರಿಗೂ ಸಮಪಾಲು.

"ಅಕ್ಕಾ, ತೇನಿಯ ರಾಜಾ ಗೊತ್ತಲ್ಲ, ಕಂಪ್ಯೂಟರ್ ಸೆಂಟರ್ ಇಟ್ಟವ್ನೆ. ನಮ್ಮ ಮಹಡಿ ಹಾಲು ಬಾಡಿಗೆಗೆ ಕೇಳ್ತವ್ನೆ," ಅಂದ. "ನೀನು ಓನರಮ್ಮನಾಗಿ ಸುಮ್ಕೆ ಕೂತ್ಕ. ಇನ್ನೆಷ್ಟ್ ದಿವ್ಸ ಕತ್ತೆ ಹಂಗೆ ಕಿರುಚ್ತೀಯೆ?"

ರಂಗಮ್ಮಾಳ್ ಅವನನ್ನು ಬೆರಳಾಡಿಸಿ ಹತ್ತಿರ ಕರೆದಳು. ಅವನು ಬಗ್ಗಿದ.

"ಕತ್ತೆ ಕಿರುಚೋದು ನಿಂತ್ರೂ ಒದೆಯೋದು ನಿಂತಿಲ್ಲ," ಎಂದು ಪಿಸುಗುಟ್ಟಿದಳು.

ಆಂಡಿ ನಕ್ಕ. ನಕ್ಕರೂ ಬಿಡಲಿಲ್ಲ. ಆಗಸ್ಟಿನ ಪರೀಕ್ಷೆಗೆ ಆರು ಹುಡುಗಿಯರು ಶಾರ್ಟ್‌ಹ್ಯಾಂಡ್ ಹೈಯರ್ ದರ್ಜೆಗೆ ಹಣ ಕಟ್ಟಿದ್ದರು. ಅವರಿಗೆ ಪಾಠ ನಡೆದರೆ ಸರಿ, ನಡೆಯದಿದ್ದರೆ ಹಾಲು ರಾಜಾನಿಗೆ ಎಂದು ಹೇಳಿ ಎದ್ದು ಹೋದ. ಅವನು ಕೆಟ್ಟವನಲ್ಲ. ತನಗೆ ತಿಳಿದದ್ದೇ ಒಳ್ಳೆಯದು ಎಂದು ನಂಬಿದವನು. ಅಂಥವರೊಡನೆ ಹೆಣಗುವುದು ಇನ್ನೂ ಕಷ್ಟ.

ಅವಳು ಬರಿಗೈಯಲ್ಲಿ ಇರಲಿಲ್ಲ. ಆಪರೇಷನ್ನಿಗೆ ಮೊದಲು, ದನಿ ಇರುವಾಗಲೇ, ಕ್ಯಾಸೆಟ್ಟುಗಳ ತುಂಬ ಡಿಕ್ಟೇಷನ್ ಓದಿಟ್ಟಿದ್ದಳು. ಆದರೆ ಟೇಪ್ ರೆಕಾರ್ಡರು ಹಾಕಿ ಸ್ಟಾಪ್‌ವಾಚು ಒತ್ತಿದರೆ ನೂರಿಪ್ಪತ್ತು ಓದಿದ್ದು ನೂರಹತ್ತಕ್ಕೆ ಇಳಿದಿರುತ್ತಿತ್ತು. ಮಧ್ಯಾಹ್ನ ಕಂಬಂನ ಕರೆಂಟು ಸೊರಗುತ್ತದೆ, ಟೇಪಿನ ಬೆಲ್ಟೂ ಸೊರಗುತ್ತದೆ. ನಿಧಾನದ ದನಿಗೆ ಒಗ್ಗಿದ ಕೈ ಪರೀಕ್ಷೆಯಲ್ಲಿ ಮುರಿದು ಬೀಳುತ್ತದೆ. ಮೇಲಾಗಿ ಟೇಪಿನ ಸದ್ದು ಪಕ್ಕದ ಹಾರನ್ನಿನ "ಹಲೋ, ಹಲೋ"ಗಳ ಮುಂದೆ ಸೊಳ್ಳೆಯ ಸದ್ದು.

ಅದಕ್ಕೇ ಕಂಪ್ಯೂಟರು. ಅದರೊಳಗೆ ಹೋದ ದನಿಗೆ ಬೆಲ್ಟಿಲ್ಲ, ಸೊರಗುವುದಿಲ್ಲ. ರಾಜಾ ತನ್ನ ಸೆಂಟರಿನ ಹಳೆಯದೊಂದನ್ನು ಅವಳ ತಲೆಗೆ ಕಟ್ಟಿದ, ಕ್ಯಾಸೆಟ್ಟುಗಳನ್ನೆಲ್ಲ ತೇನಿಗೆ ಒಯ್ದು ಒಂದೇ ಸಿ.ಡಿ.ಯೊಳಗೆ ಹಿಂಡಿ ತುಂಬಿ ತಂದ. ಸಿಂಗಾಪುರದಲ್ಲಿ ಸ್ಟೆನೋ ಆಗಿದ್ದ ಹಳೆಯ ಶಿಷ್ಯೆ ಜೆಯಂತಿ ಊರಿಗೆ ಬಂದಾಗ ಆರು ಹೆಡ್‌ಫೋನುಗಳನ್ನು ತಂದುಕೊಟ್ಟಳು. ಅವಕ್ಕೆ ವೈರಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ ಚಿಕ್ಕ ಪೆಟ್ಟಿಗೆಯೊಂದು ಟಿವಿ ರಿಮೋಟಿನ ಹಾಗೆ ಕಣ್ಣಿಗೆ ಕಾಣದ ಬೆಳಕನ್ನು ಹಾಲಿನಲ್ಲಿ ಚೆಲ್ಲುತ್ತದೆ. ಆ ಬೆಳಕು ಬಿದ್ದ ಹೆಡ್‌ಫೋನುಗಳೆಲ್ಲ ಮಾತಾಡುತ್ತವೆ. ಟೈಪ್‌ರೈಟರುಗಳ ನಡುವೆ ವೈರು ಎಳೆದು ಹುಡುಗಿಯರು ಎಡವಿ ಬೀಳುವ ಗೋಜಿಲ್ಲ.

ಗೋಜು ಬೇರೆ ಕಡೆ ಕಾದಿತ್ತು. ರಾಜಾ ಹಾಕಿಕೊಟ್ಟ ವಿಂಡೋಸ್ ವಾರಕ್ಕೊಮ್ಮೆ ನೀಲಿ ಪರದೆ ತೋರಿಸಿ ಮಲಗುತ್ತಿತ್ತು. ಪ್ರತಿ ಸಲವೂ ರಾಜಾ ಮೋಟಾರ್ ಬೈಕಿನಲ್ಲಿ ಬರಬೇಕು, ಬಂದವನು ಹಾಲಿನ ಉದ್ದಗಲ ಕಣ್ಣಲ್ಲೇ ಅಳೆಯಬೇಕು. ತನ್ನ ಯಂತ್ರದ ಬೀಗದ ಕೈ ಇನ್ನೊಬ್ಬನ ಸೊಂಟದಲ್ಲಿ ನೇತಾಡುವುದು ರಂಗಮ್ಮಾಳಿಗೆ ಸೇರಲಿಲ್ಲ. ಒಂದು ದಿನ ಸಂಬಂಧಿಕರ ಮದುವೆಗೆಂದು ದಿಂಡುಗಲ್ಲಿಗೆ ಹೋದವಳು ಬಸ್ ನಿಲ್ದಾಣದ ಅಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆಯೊಂದನ್ನು ಕೊಂಡಳು. ಅದರ ಜೊತೆ ಲಿನಕ್ಸ್ ಎಂಬುದರ ಸಿ.ಡಿ. ಅಂಟಿಸಿತ್ತು. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ ಎಂದು ಬರೆದಿತ್ತು. ಮರಳುವ ದಾರಿಯಲ್ಲಿ ಬತ್ತಲಗುಂಡಿನಲ್ಲಿ ಬಸ್ಸು ನಿಂತು ಜನ ವೀಳ್ಯದೆಲೆಯ ಕಟ್ಟು ಹತ್ತಿಸುವಷ್ಟು ಹೊತ್ತೂ ಓದಿದಳು. ತೇನಿ ದಾಟಿದರೂ ಓದುತ್ತಿದ್ದಳು.

ಅದನ್ನು ಹಾಕುವುದು ಸುಲಭವಾಗಲಿಲ್ಲ. ಮೊದಲ ಸಲ ಅರ್ಧಕ್ಕೆ ನಿಂತಿತು, ಎರಡನೆಯ ಸಲ ಶಬ್ದವೇ ಬರಲಿಲ್ಲ. ಬಂದಾಗ ಅದು ಶಬ್ದವೋ ಬಿಕ್ಕಳಿಕೆಯೋ ಎಂಬಂತೆ ಬಂತು. ಅವಳದೇ ದನಿ ಹೆಡ್‌ಫೋನಿನಲ್ಲಿ "ವೀ ಆರ್ ಇನ್ ರಿ—ರಿ—ಸೀಟ್" ಎಂದು ತೊದಲಿತು. ಇಪ್ಪತ್ತೈದು ವರ್ಷ ತೊದಲದ ದನಿ.

ರಾಜಾ ಬಂದು ನೋಡಿ ಸೊಂಟಕ್ಕೆ ಕೈ ಇಟ್ಟುಕೊಂಡ. ಅವನೂ ಇವರ ಪೈಕಿಯ ಕನ್ನಡದವನೇ. ಮನೆಮಾತು ಕಿವಿಗೆ ಹತ್ತುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ.

"ಟೀಚರಮ್ಮಾ, ಪುಕ್ಕಟೆ ಸಿಕ್ಕಿದ್ದು ಹೀಗೇ ಇರೋದು. ಇದು ಕಾಲೇಜು ಹುಡುಗರ ಆಟ. ಹೊಸ ಮೆಷಿನ್ ತಗೊಳ್ಳಿ, ವಿಂಡೋಸ್ ಹಾಕಿಕೊಡ್ತೀನಿ."

"ಹಾಕ್ಕೊಟ್ಟು ಪ್ರತಿ ಭಾನುವಾರ ಅಳತೆ ತಗೊಂಡೋಗಾಕ್ ಬತ್ತೀಯ?"

"ಏನಂದ್ರಿ? ಕೇಳಿಸಲಿಲ್ಲ."

"ಕೇಳ್ಸಿದ್ದು ನಿನ್ ಮೊಕದಲ್ಲೇ ಕಾಣ್ತದೆ. ಹೋಗ್ ಬಾ ತಂಬಿ."

ಅವನು ಹೋದ ಮೇಲೆ ಅವಳು ಕೂತು ಯೋಚಿಸಿದಳು. ಯಂತ್ರ ತೊದಲುವುದೇಕೆ? ಮನುಷ್ಯ ತೊದಲುವುದು ಒಟ್ಟಿಗೆ ಎರಡು ಕೆಲಸ ಮಾಡಹೋದಾಗ. ಹೊಸ ಹುಡುಗಿ ಕೇಳುತ್ತ ಹಿಂದಿನ ವಾಕ್ಯವನ್ನೂ ತಿದ್ದಹೊರಟರೆ ಎರಡೂ ಕೈಬಿಟ್ಟು ಹೋಗುತ್ತವೆ. ಪತ್ರಿಕೆಯಲ್ಲಿ ಇದ್ದದ್ದೂ ಅದೇ, ಬೇರೆ ಮಾತಿನಲ್ಲಿ. ರಾಜಾ ಹಿಂಡಿ ತುಂಬಿದ ದನಿಯನ್ನು ಈ ಹಳೆಯ ಯಂತ್ರ ಬಿಚ್ಚುತ್ತಲೂ ಇರಬೇಕು, ನುಡಿಸುತ್ತಲೂ ಇರಬೇಕು. ಸಾಲದ್ದಕ್ಕೆ ಪರದೆಯ ಮೇಲೆ ಚಿತ್ರ, ಕಿಟಕಿ, ಬಾಣದ ಗುರುತು ಎಲ್ಲವನ್ನೂ ಕುಣಿಸುತ್ತಿರಬೇಕು. ಪಾಠಗಳನ್ನು ಬೆಳಿಗ್ಗೆಯೇ ಬಿಚ್ಚಿ ಡಿಸ್ಕಿನಲ್ಲಿ ಹರಡಿಟ್ಟುಬಿಟ್ಟರೆ? ಆ ಚಿತ್ರಗಳನ್ನೆಲ್ಲ ಮುಚ್ಚಿಬಿಟ್ಟರೆ?

ಚಿತ್ರಗಳನ್ನು ಮುಚ್ಚಿದಾಗ ಉಳಿದದ್ದು ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ರಾಜಾನ ಸೆಂಟರಿನ ಹುಡುಗರು ಮೌಸಿಲ್ಲದೆ ಬಾವಿಯಲ್ಲಿ ಬಿದ್ದವರಂತೆ ಒದ್ದಾಡುತ್ತಿದ್ದ ಜಾಗ ಅದು. ರಂಗಮ್ಮಾಳಿಗೆ ಅದು ಹಾಳೆ ಸಿಕ್ಕಿಸಿಟ್ಟ ಟೈಪ್‌ರೈಟರು, ಅಷ್ಟೆ. ಹತ್ತು ಬೆರಳೂ ಕೀಲಿಗಳ ಮೇಲೆ ಇಟ್ಟಳು, ಕಣ್ಣು ಪತ್ರಿಕೆಯ ಮೇಲೆ. ತಪ್ಪಿಲ್ಲದೆ ಟೈಪ್ ಮಾಡಿದವರ ಮಾತನ್ನು ಆ ಪರದೆ ಕೇಳುತ್ತಿತ್ತು, ತಪ್ಪಿದವರನ್ನು ಮುಲಾಜಿಲ್ಲದೆ ಗದರುತ್ತಿತ್ತು. ಇಂಥ ಶಿಸ್ತು ಅವಳಿಗೆ ಹಿಡಿಸಿತು. ಮೊದಲು ಪಾಠ ಬಿಚ್ಚಿಟ್ಟು, ಆಮೇಲೆ ನುಡಿಸುವ ಆಜ್ಞೆ ಕೊಟ್ಟು ಹೆಡ್‌ಫೋನ್ ಹಾಕಿಕೊಂಡಳು. ದನಿ ಎಣ್ಣೆ ಹೊಯ್ದಂತೆ ಸಾಗಿತು. ಸ್ಟಾಪ್‌ವಾಚು ಒತ್ತಿದಳು. ನೂರಿಪ್ಪತ್ತು.

ಆಂಡಿಗೆ ಹೇಳಿ ಕಳಿಸಿದಳು: ಶುಕ್ರವಾರ ಪಾಠ ಇದೆ, ಬಂದು ನೋಡು, ಆ ರಾಜಾನನ್ನೂ ಕರೆದುಕೊಂಡು ಬಾ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಬಂದರು. ಆರು ಹುಡುಗಿಯರು ಹೆಡ್‌ಫೋನ್ ಏರಿಸಿ, ಪೆನ್ಸಿಲ್ ಮೊನೆ ನೋಡಿಕೊಂಡು ಕೂತರು. ರಂಗಮ್ಮಾಳ್ ಕೀಲಿ ಒತ್ತಿದಳು. ಮುಂದಿನ ಬೆಂಚಿನ ಮುನಿಯಮ್ಮಾಳ್ ಎರಡು ಸಾಲು ಬರೆದು ತಲೆಯೆತ್ತಿದಳು. ಇನ್ನೊಬ್ಬಳು ಹೆಡ್‌ಫೋನನ್ನು ಕಿವಿಗೆ ಅದುಮಿಕೊಂಡಳು. ಹಿಂದಿನ ಬೆಂಚಿನವರು ಪೆನ್ಸಿಲನ್ನೇ ಇಟ್ಟುಬಿಟ್ಟರು.

"ಟೀಚರ್, ಸೊಯ್ ಅಂತ ಸದ್ದು ಬರ್ತಿದೆ. ನಡುನಡುವೆ ಮಾತೇ ಇಲ್ಲ."

ರಾಜಾ ಬಾಯಿ ಮುಚ್ಚಿಕೊಳ್ಳುವವನಲ್ಲ. "ನಾನು ಅವತ್ತೇ ಹೇಳಿದೆ. ಪತ್ರಿಕೆಗೆ ಅಂಟಿಸಿ ಕೊಡೋದು ಹಲ್ಲುಪುಡಿ ಪೊಟ್ಟಣ, ಶಾಂಪೂ ಪೊಟ್ಟಣ. ಅದರಲ್ಲಿ ಇನ್‌ಸ್ಟಿಟ್ಯೂಟ್ ನಡೆಸ್ತಾರಾ?"

"ಅಕ್ಕಾ, ಸಾಕು ಬಿಡು," ಅಂದ ಆಂಡಿ. ಅವನ ದನಿಯಲ್ಲಿ ಕನಿಕರ ಇತ್ತು. ರಾಜಾನ ಹಲ್ಲುಪುಡಿಗಿಂತ ಆ ಕನಿಕರ ಅವಳಿಗೆ ಹೆಚ್ಚು ಚುಚ್ಚಿತು.

ಅವಳು ಪೆಟ್ಟಿಗೆಯ ವೈರನ್ನು ಕಂಪ್ಯೂಟರಿನಿಂದ ಕಿತ್ತು, ಆ ಜಾಗಕ್ಕೆ ಹಳೆಯ ವಾಕ್‌ಮನ್ನಿನ ವೈರಿನ ಇಯರ್‌ಫೋನ್ ಸಿಕ್ಕಿಸಿ ಕಿವಿಗೆ ಇಟ್ಟುಕೊಂಡಳು. ದನಿ ಸಲೀಸಾಗಿ ಹರಿಯುತ್ತಿತ್ತು. ಹಾಗಾದರೆ ಕಂಪ್ಯೂಟರಿನದು ತಪ್ಪಿಲ್ಲ, ಲಿನಕ್ಸಿನದೂ ಇಲ್ಲ. ತಪ್ಪಿರುವುದು ಆಚೆ. ವೈರನ್ನು ಮತ್ತೆ ಸಿಕ್ಕಿಸಿ ಪೆಟ್ಟಿಗೆಯ ಹತ್ತಿರ ಹೋದಳು, ಹೋಗಿ ಹಾಗೇ ನಿಂತಳು.

ಪೆಟ್ಟಿಗೆಯ ಮುಂಭಾಗದಲ್ಲಿ ಕಡುಕೆಂಪು ಗಾಜಿನ ಪಟ್ಟಿಯೊಂದು ಇತ್ತು. ಕಾಣದ ಬೆಳಕು ಹೊರಬೀಳುವುದು ಅಲ್ಲಿಂದ. ಆ ಪಟ್ಟಿಯ ಉದ್ದಕ್ಕೂ ಯಾರೋ ಮೂರು ಬೆರಳಿನಲ್ಲಿ ಗಂಧ ಬಳಿದು, ನಡುವೆ ದಪ್ಪನೆ ಕುಂಕುಮ ಇಟ್ಟಿದ್ದರು.

ಯಾರೋ ಏನು ಬಂತು. ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ ಪಾಂಡೀಶ್ವರಿ ಮೊದಲು ಇಲ್ಲೇ ಕಲಿತವಳು, ಎರಡು ಮಕ್ಕಳ ತಾಯಿ, ಭಕ್ತೆ. ಪ್ರತಿ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಪ್ರತಿ ಟೈಪ್‌ರೈಟರಿನ ಹಣೆಗೂ ಗಂಧ ಕುಂಕುಮ ಇಟ್ಟು ಊದುಬತ್ತಿ ಹಚ್ಚುವುದು ಅವಳ ಕೆಲಸ. ಸ್ಟಾಪ್‌ವಾಚಿಗೂ ಒಂದು ಚುಕ್ಕೆ ಬೀಳುತ್ತಿತ್ತು.

"ಈಶ್ವರೀ."

ಪಾಂಡೀಶ್ವರಿ ಓಡಿ ಬಂದಳು. ಪಿಸುಮಾತಿನಲ್ಲಿ ಕರೆದರೂ ಆ ಕರೆ ಅವಳಿಗೆ ಹೇಗೋ ಮುಟ್ಟುತ್ತಿತ್ತು.

"ಇದರ ಕಣ್ಣಿಗೆ ಯಾಕಮ್ಮ ಗಂಧ ಮೆತ್ತಿದೆ?"

"ಕಣ್ಣಾ? ನಾನು ಹಣೆ ಅಂದ್ಕೊಂಡೆ ಟೀಚರ್. ಹೊಸ ಮೆಷಿನ್ನು, ಇವತ್ತು ದೊಡ್ಡ ದಿನ ಬೇರೆ. ಬೇರೆಯವಕ್ಕಿಂತ ಒಂದಿಷ್ಟು ಜಾಸ್ತೀನೇ ಇಟ್ಟೆ."

ಆಂಡಿ ಮೊದಲು ನಕ್ಕ, ಆಮೇಲೆ ಹುಡುಗಿಯರು. ಪಾಂಡೀಶ್ವರಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. ರಂಗಮ್ಮಾಳ್ ಸೆರಗಿನ ತುದಿ ಒದ್ದೆ ಮಾಡಿ ಗಾಜನ್ನು ಒರೆಸಿದಳು. ಗಂಧ ಒಣಗಿ ಗಟ್ಟಿಯಾಗಿತ್ತು, ಎರಡು ಸಲ ತಿಕ್ಕಬೇಕಾಯಿತು.

"ಇನ್ಮೇಲೆ ಬೆನ್ನಿಗೆ ಹಚ್ಚು," ಅಂದಳು. "ದೇವರು ಎಲ್ಲಿಂದ ಬೇಕಾದ್ರೂ ನೋಡ್ತಾನೆ. ಇದು ಮುಂದಗಡೆಯಿಂದ ಮಾತ್ರ ನೋಡೋದು."

ಮತ್ತೆ ಕೀಲಿ ಒತ್ತಿದಳು. ಆರು ತಲೆಗಳು ಬಗ್ಗಿದವು, ಆರು ಪೆನ್ಸಿಲು ಓಡಿದವು. ಯಾರೂ ತಲೆಯೆತ್ತಲಿಲ್ಲ. ಪಕ್ಕದ ಸೌಂಡ್ ಸರ್ವೀಸಿನವನು ಹಾರನ್ನಿನಲ್ಲಿ ನಾದಸ್ವರ ಹಾಕಿದ. ಹುಡುಗಿಯರ ಕಿವಿಗೆ ಅದು ತಾಕಲೇ ಇಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಜಾ ದಡ್ಡನಲ್ಲ, ವ್ಯಾಪಾರಿ. ಟೇಬಲ್ಲಿನ ಮೇಲೆ ಕೂತು ಕಾಲು ಆಡಿಸುತ್ತ ಕೇಳಿದ:

"ಸರಿ ಟೀಚರಮ್ಮಾ, ಕ್ಯಾಸೆಟ್ಟಿನಲ್ಲಿ ಇದ್ದದ್ದು ಎಷ್ಟು ಪಾಠ? ತಿಂಗಳೊಳಗೆ ಈ ಹುಡುಗಿಯರಿಗೆ ಬಾಯಿಪಾಠ ಆಗುತ್ತೆ. ಕೇಳದೇ ಬರೀತಾರೆ. ಪರೀಕ್ಷೆಯಲ್ಲಿ ಬರೋದು ಹೊಸದು. ಹೊಸದನ್ನ ಓದೋರು ಯಾರು? ನೀವಾ?"

ಹಾಲಿನಲ್ಲಿ ಟೈಪ್‌ರೈಟರುಗಳು ಒಂದೊಂದಾಗಿ ನಿಂತವು. ಆಂಡಿ ನೆಲ ನೋಡಿದ. ರಾಜಾ ಹೇಳಿದ್ದು ನಿಜವಾಗಿತ್ತು, ಅದು ರಂಗಮ್ಮಾಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಬರೆದದ್ದನ್ನೇ ಬರೆದು ಪಳಗಿದ ಕೈ ಕೈಯಲ್ಲ. ಪಾಂಡೀಶ್ವರಿಯಿಂದ ಓದಿಸಿದರೆ ಎಂದು ಅವಳು ಯೋಚಿಸದೆ ಇರಲಿಲ್ಲ. ಓದಿಸಿಯೂ ನೋಡಿದ್ದಳು. ಪಾಂಡೀಶ್ವರಿ ಪ್ರತಿ ಪೂರ್ಣವಿರಾಮದಲ್ಲೂ ಮುಂದೆ ಹೋಗಲೇ ಎಂದು ಟೀಚರ ಮುಖ ನೋಡುತ್ತಿದ್ದಳು.

ಹೌದು, ಹಾಲಿಗೆ ಕೇಳುವಂತೆ ಓದಲು ತನಗೆ ಇನ್ನು ಆಗುವುದಿಲ್ಲ. ಆದರೆ ಹಾಲಿಗೆ ಯಾಕೆ ಕೇಳಬೇಕು? ಕೇಳಬೇಕಾದ್ದು ಹನ್ನೆರಡು ಕಿವಿಗಳಿಗೆ. ಆ ಹನ್ನೆರಡೂ ಈಗ ಮುಚ್ಚಿಕೊಂಡು ಅವಳ ಕೈಗೆ ಸಿಕ್ಕಿವೆ. ಮಗ್ಗುಲಲ್ಲಿ ಕೂತವರಿಗೆ ತನ್ನ ಮಾತು ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡವರೆಲ್ಲ ಈಗ ಮಗ್ಗುಲಲ್ಲೇ ಕೂತವರು.

ಕಂಪ್ಯೂಟರಿನ ಜೊತೆ ಒಂದು ಮೈಕೂ ಬಂದಿತ್ತು. ಪುಕ್ಕಟೆ ಎಂದು ರಾಜಾನೇ ಕೊಟ್ಟದ್ದು. ಅವಳು ಡ್ರಾಯರಿನಿಂದ ಅದನ್ನು ತೆಗೆದು ಧೂಳು ಊದಿ, ಕಂಪ್ಯೂಟರಿನ ಹಿಂದೆ ಸಿಕ್ಕಿಸಿದಳು. ಕಪ್ಪು ಪರದೆಯಲ್ಲಿ ಓಡುತ್ತಿದ್ದ ಪಾಠವನ್ನು ನಿಲ್ಲಿಸಿದಳು. ಮೈಕಿನಿಂದ ಬಂದದ್ದನ್ನು ಹಾಗೇ ಹೊರಕ್ಕೆ ಬಿಡು ಎಂಬ ಆಜ್ಞೆಯನ್ನು ಕಂಪ್ಯೂಟರ್ ಪತ್ರಿಕೆಯಲ್ಲಿ ಹುಡುಕಿ ಟೈಪ್ ಮಾಡಿದಳು. ಮೊದಲ ಸಲ ಒಂದು ಅಕ್ಷರ ತಪ್ಪಿತು, ಪರದೆ ಗದರಿತು. ಎರಡನೆಯ ಸಲ ಸುಮ್ಮನಾಯಿತು. ಅಂದಿನ ಇಂಗ್ಲಿಷ್ ದಿನಪತ್ರಿಕೆ ಮೇಜಿನ ಮೇಲೆ ಬಿದ್ದಿತ್ತು. ಹತ್ತಿ ಬೆಲೆಯ ಮೇಲಿನ ಒಂದು ಸಂಪಾದಕೀಯ ಆರಿಸಿದಳು. ಅದನ್ನು ಅವಳೂ ಓದಿರಲಿಲ್ಲ, ಹುಡುಗಿಯರಂತೂ ಹುಟ್ಟಿದಾಗಿನಿಂದ ಓದಿರಲಿಲ್ಲ.

"ರೆಡಿ," ಅಂದಳು ಮೈಕಿಗೆ ತುಟಿ ತಾಗಿಸಿ.

ಆರು ಹುಡುಗಿಯರೂ ಬೆಚ್ಚಿದರು. ಟೀಚರು ಕಿವಿಯೊಳಗೇ ಬಂದು ಕೂತಿದ್ದಳು.

ಬಾಗಿಲಲ್ಲಿ ನಿಂತ ಆಂಡಿಗೆ ಕಂಡದ್ದು ಇಷ್ಟು: ಅಕ್ಕನ ತುಟಿ ಆಡುತ್ತಿದೆ, ಎಡಗೈಯಲ್ಲಿ ಸ್ಟಾಪ್‌ವಾಚು ಇದೆ, ಏನೂ ಕೇಳುತ್ತಿಲ್ಲ. ಹುಡುಗಿಯರು ಬರೆಯುತ್ತಿದ್ದಾರೆ. "ಸುಮ್ಮನೆ ನಟನೆ," ಎಂದು ರಾಜಾ ಟೇಬಲ್ಲಿನಿಂದಿಳಿದು ಬಂದು ಅವನ ಕಿವಿಯಲ್ಲಿ ಉಸುರಿದ. "ಟೀಚರಿಗೆ ನೋವಾಗಬಾರದೂಂತ ಏನೋ ಗೀಚ್ತಿದ್ದಾರೆ."

ಓದುವುದು ಸುಲಭವಾಗಿರಲಿಲ್ಲ. ಗಾಳಿ ಸೋರುವ ಗಂಟಲಿಗೆ ಒಂದು ವಾಕ್ಯಕ್ಕೆ ಎರಡು ಉಸಿರು ಬೇಕು. ನೂರಿಪ್ಪತ್ತರ ಮಾತಿರಲಿ, ಎಂಬತ್ತಕ್ಕೇ ಎದೆ ಹಿಡಿದಂತಾಯಿತು. ನಡುವೆ ಒಮ್ಮೆ ನಿಂತಳು, ನೀರು ಕುಡಿದಳು, ಬಿಟ್ಟ ಪದದಿಂದಲೇ ಹಿಡಿದಳು. ಎಂಬತ್ತಾದರೆ ಎಂಬತ್ತು. ಆಗಸ್ಟಿಗೆ ಇನ್ನೂ ದಿನ ಇದೆ. ಉಸಿರನ್ನೂ ಹುಡುಗಿಯರ ಕೈಯ ಹಾಗೇ ಪಳಗಿಸಬೇಕು. ಸಂಪಾದಕೀಯದ ಕೊನೆಯ ಭಾಗಕ್ಕೆ ಬಂದಾಗ ಬಾಗಿಲ ಕಡೆ ಕಣ್ಣು ಹಾಯಿಸಿ, ಅದೇ ಲಯದಲ್ಲಿ, ಕೊಂಚ ನಿಧಾನವಾಗಿ, ಪತ್ರಿಕೆಯಲ್ಲಿ ಇಲ್ಲದ ಒಂದು ಸಾಲನ್ನು ಸೇರಿಸಿದಳು.

ಸ್ಟಾಪ್‌ವಾಚು ಇಟ್ಟು ಮುನಿಯಮ್ಮಾಳ ಕಡೆ ಬೆರಳು ತೋರಿಸಿದಳು. ಓದು ಎಂದು ಅರ್ಥ.

ಮುನಿಯಮ್ಮಾಳ್ ಕೂಡಲೂರು ಕಡೆಯ ತಮಿಳು ಹುಡುಗಿ. ಎದ್ದು ನಿಂತು, ಹತ್ತಿ ಬೆಲೆ ಏರಿದ್ದನ್ನೂ ಇಳಿದದ್ದನ್ನೂ ಇಂಗ್ಲಿಷಿನಲ್ಲಿ ಓದಿದಳು. ರಾಜಾ ಮೇಜಿನ ಹತ್ತಿರ ಬಂದು ಪತ್ರಿಕೆಯನ್ನು ಎಳೆದುಕೊಂಡು ಬೆರಳಿಟ್ಟು ಹೋಲಿಸುತ್ತಿದ್ದ. ಅವನ ಬೆರಳು ನಿಧಾನವಾಗುತ್ತ ಹೋಯಿತು. ಕೊನೆಗೆ ಬಂದಾಗ ಅವಳು ಹುಬ್ಬು ಗಂಟಿಕ್ಕಿದಳು. ಶಾರ್ಟ್‌ಹ್ಯಾಂಡಿನ ಗೆರೆ ಕಾಗುಣಿತವನ್ನು ಹಿಡಿಯುವುದಿಲ್ಲ, ಸದ್ದನ್ನು ಹಿಡಿಯುತ್ತದೆ. ಅರ್ಥವಾಗದ ಭಾಷೆಯನ್ನೂ ಕಿವಿಗೆ ಬಿದ್ದಂತೆ ಇಳಿಸಿಕೊಳ್ಳುತ್ತದೆ. ಟೀಚರು ಹೇಳಿದ್ದನ್ನು ಬಿಡುವುದು ಆ ಇನ್‌ಸ್ಟಿಟ್ಯೂಟಿನಲ್ಲಿ ಇರಲಿಲ್ಲ. ಹುಡುಗಿ ಹತ್ತಿ ಬೆಲೆಯದೇ ರಾಗದಲ್ಲಿ, ಒಂದಕ್ಷರ ಗೊತ್ತಿಲ್ಲದ ಕನ್ನಡವನ್ನು ಇಡೀ ಹಾಲಿಗೆ ಕೇಳುವಂತೆ ಓದಿದಳು:

"ಆಂಡಿ, ಬಾಗಲಲ್ಲಿ ನಿಂತು ಗಾಳಿ ತಡೀಬ್ಯಾಡ. ಒಳಕ್ ಬಂದು ಕೂತ್ಕ, ಇಲ್ಲಾಂದ್ರೆ ಆ ಅಳತೆಗಾರನ್ನ ಕರ್ಕೊಂಡು ಮನೆಗೋಗು."

ಹುಡುಗಿಯರಿಗೆ ಏನೂ ತಿಳಿಯಲಿಲ್ಲ. ಟೀಚರ ಜೊತೆ ಇದ್ದೂ ಇದ್ದೂ ಕನ್ನಡ ತಿಳಿದಿದ್ದ ಪಾಂಡೀಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಂಡಿ ರಾಜಾನ ಕಡೆ ತಿರುಗಿದ.

"ನೀನು ನಡಿಯಪ್ಪ. ಇವಳು ಬಿಡಾಕಿಲ್ಲ."

"ಅಯ್ಯಾ, ನಮ್ಮ ಮಾತು ಏನಾಯ್ತು?"

"ಮಾತು ನಮ್ಮಕ್ಕನ್ದು ಹೋಗಿತ್ತು, ಅದ್ಕೇ ನಿಂಗೆ ಕೊಟ್ಟೆ. ಈಗ ಇಲ್ಲೇ ಅದೆಯಲ್ಲ."

ರಾಜಾ ಮೆಟ್ಟಿಲಿಳಿದು ಹೋದ. ಆಂಡಿ ಚಪ್ಪಲಿ ಬಿಟ್ಟು ಒಳಗೆ ಬಂದು ಹಿಂದಿನ ಬೆಂಚಿನ ತುದಿಯಲ್ಲಿ, ಇನ್‌ಸ್ಪೆಕ್ಟರ್ ಬಂದಾಗ ಕೂರುವ ಪ್ಯೂನನಂತೆ ಕೂತ.

ರಂಗಮ್ಮಾಳ್ ಅವನ ಕಡೆ ನೋಡಲಿಲ್ಲ. ಮುನಿಯಮ್ಮಾಳ ಹಾಳೆ ತೆಗೆದುಕೊಂಡು ಕೆಂಪು ಪೆನ್ಸಿಲಿನಿಂದ ಮೂರನೆಯ ಸಾಲಿಗೆ ಸುತ್ತು ಹಾಕಿದಳು. ಅಲ್ಲೊಂದು ಪದ ಬಿಟ್ಟಿತ್ತು. ಹುಡುಗಿ ಕೂತಳು. ಟೀಚರು ಪತ್ರಿಕೆಯ ಪುಟ ತಿರುವಿ, ಉಸಿರು ತುಂಬಿಕೊಂಡು, ಮೈಕನ್ನು ಮತ್ತೆ ತುಟಿಯ ಹತ್ತಿರ ತಂದಳು.